ಫ್ಯಾನಿಗೆ ಸ್ಟಾರ್ ಇದೆ, ಬಾಡಿಗೆ ಬಿಲ್ಡಿಂಗ್‌ಗೆ ಯಾಕಿಲ್ಲ?

ಸೀಲಿಂಗ್ ಫ್ಯಾನ್ ತಗೊಳ್ಳೋಕೆ ಹೋದ್ರೂ ಈಗ ನಾವು ಸ್ಟಾರ್ ಎಣಿಸ್ತೀವಿ. ಎಸಿಗೆ 2010ರಿಂದ, ಫ್ಯಾನಿಗೆ 2023ರಿಂದ ಆ ಸ್ಟಾರ್ ಸ್ಟಿಕ್ಕರ್ ಕಡ್ಡಾಯ. ಮೂರು ಸಾವಿರದ ಫ್ಯಾನ್ ಮುಂದೆ ನಿಂತು ಅಂಗಡಿಯವರನ್ನ ಹತ್ತು ಪ್ರಶ್ನೆ ಕೇಳೋ ನಾವು, ತಿಂಗಳಿಗೆ ನಲವತ್ತು ಸಾವಿರ ಬಾಡಿಗೆ, ಮೇಲೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಂಗಡಿಯನ್ನೋ ಕ್ಲಿನಿಕ್ಕನ್ನೋ ಪುಟ್ಟ ಆಫೀಸನ್ನೋ ಹಿಡಿಯುವಾಗ ಕರೆಂಟಿನ ಬಗ್ಗೆ ಏನು ಕೇಳ್ತೀವಿ ಹೇಳಿ? "ಪವರ್ ಬ್ಯಾಕಪ್ ಇದ್ಯಾ?" ಅಷ್ಟೇ. ಆ ಬಿಲ್ಡಿಂಗ್ ವರ್ಷಕ್ಕೆ ಎಷ್ಟು ಯೂನಿಟ್ ನುಂಗುತ್ತೆ ಅಂತ ಕೇಳಿದವರನ್ನ ನಾನು ನೋಡಿಲ್ಲ. ಬಾಡಿಗೆ ಆ್ಯಪ್‌ಗಳಲ್ಲಿ ಪಾರ್ಕಿಂಗ್ ಇದೆ, ಲಿಫ್ಟ್ ಇದೆ, ವಾಸ್ತು ಇದೆ. ಯೂನಿಟ್ ಲೆಕ್ಕಕ್ಕೆ ಮಾತ್ರ ಒಂದು ಕಾಲಂ ಇಲ್ಲ.

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಿಂದ ಹಿಡಿದು ಬಸವೇಶ್ವರನಗರ, ವಿಜಯನಗರದವರೆಗೆ ಒಂದು ರೌಂಡ್ ಹಾಕಿದ್ರೆ ನಾನು ಯಾವ ಬಿಲ್ಡಿಂಗ್‌ಗಳ ಬಗ್ಗೆ ಹೇಳ್ತಿದೀನಿ ಅಂತ ಗೊತ್ತಾಗುತ್ತೆ. ಮೊದಲು ಮನೆ ಇದ್ದ 40-60 ಸೈಟ್. ಈಗ ಅಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ಮುಂದೆ ಪೂರ್ತಿ ನೀಲಿ ಗಾಜು. ಗಾಜಿನ ಮೇಲೆ ವರ್ಷಕ್ಕೊಂದು ಹೊಸ ಫ್ಲೆಕ್ಸ್: ಒಂದು ವರ್ಷ ಕೋಚಿಂಗ್ ಸೆಂಟರ್, ಮುಂದಿನ ವರ್ಷ ಜಿಮ್, ಆಮೇಲೆ ಮತ್ತೆ ಟು-ಲೆಟ್. ಯಾಕೆ ಬಿಟ್ಟು ಹೋದ್ರು ಅಂತ ಹೊಸಬರಿಗೆ ಯಾರೂ ಹೇಳಲ್ಲ.

ನಾನು ಇದರ ಹಿಂದೆ ಬಿದ್ದಿದ್ದು ಅಕ್ಕನಿಂದಾಗಿ. ಅಕ್ಕ ಫಿಸಿಯೋಥೆರಪಿಸ್ಟ್. ಎಂಟು ವರ್ಷ ಬೇರೆಯವರ ಕ್ಲಿನಿಕ್‌ನಲ್ಲಿ ಕೆಲಸ ಮಾಡಿ, ಸ್ವಲ್ಪ ಉಳಿತಾಯ, ಸ್ವಲ್ಪ ಸಾಲ ಮಾಡಿ ಸ್ವಂತದ್ದು ತೆಗೀಬೇಕು ಅಂತ ಹೊರಟಿದ್ಲು. ಹಾವನೂರು ಸರ್ಕಲ್ ಆಸುಪಾಸಿನಲ್ಲಿ ಎರಡು ಜಾಗ ಕಡೆಯ ಸುತ್ತಿಗೆ ಬಂದ್ವು. ಒಂದು ಹೊಸದು, ಎರಡನೇ ಮಹಡಿ, ಪಶ್ಚಿಮಕ್ಕೆ ಮುಖ, ಮುಂಭಾಗ ಪೂರ್ತಿ ಗಾಜು, ಬಾಡಿಗೆ 42,000. ಇನ್ನೊಂದು ತೊಂಬತ್ತರ ದಶಕದ ಬಿಲ್ಡಿಂಗ್, ಮೊದಲನೇ ಮಹಡಿ, ಉತ್ತರ-ದಕ್ಷಿಣಕ್ಕೆ ತೆರೆಯೋ ಮರದ ಕಿಟಕಿ, ಕಿಟಕಿ ಮೇಲೆ ಎರಡಡಿ ಚಾಚಿದ ಸಜ್ಜಾ, ಬಾಡಿಗೆ 45,000. ಅಕ್ಕನ ಮನಸ್ಸು ಹೊಸದರ ಕಡೆ. ಭಾವನದೂ ಅದೇ. "ಮೂರು ಸಾವಿರ ಕಮ್ಮಿ, ನೋಡೋಕೂ ಚೆನ್ನಾಗಿದೆ, ಇನ್ನೇನು ಯೋಚನೆ?" ಅಂತ ಭಾವ.

ನಾನು ಎರಡೂ ಕಡೆ ಒಂದೇ ಒಂದು ವಿಷಯ ಕೇಳಿದೆ: ಹಿಂದಿನ ಬಾಡಿಗೆದಾರರು ಇದ್ದಾಗಿನ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್.

ಬ್ರೋಕರ್ ನಕ್ಕುಬಿಟ್ರು. "ಮೇಡಂ, ಖಾತಾ ಕೇಳ್ತಾರೆ, ಓಸಿ ಕೇಳ್ತಾರೆ, ಕರೆಂಟ್ ಬಿಲ್ ಕೇಳಿದವರು ನೀವೇ ಮೊದಲು." ಕಾಗದದ ಬಿಲ್ ಇದ್ದಿದ್ರೂ ಪ್ರಯೋಜನ ಇರ್ತಿರಲಿಲ್ಲ ಬಿಡಿ. ಮೀಟರ್ ರೀಡರ್ ಕೊಡೋ ಆ ಥರ್ಮಲ್ ಪೇಪರ್ ಆರು ತಿಂಗಳಲ್ಲಿ ಬಿಳಿ ಹಾಳೆ ಆಗಿಬಿಡುತ್ತೆ. ಓನರ್‌ಗಳ ಫೋನಲ್ಲೇ ಹಳೇ ಬಿಲ್‌ಗಳನ್ನ ತೆಗೆಸಿ ಯೂನಿಟ್ ಬರ್ಕೊಂಡೆ.

ಲೆಕ್ಕ ಹೈಸ್ಕೂಲಿನದ್ದು. ವರ್ಷದ ಒಟ್ಟು ಯೂನಿಟ್ಟನ್ನ ಜಾಗದ ಚದರ ಮೀಟರ್‌ನಿಂದ ಭಾಗಿಸೋದು. ತೊಡಕು ಇರೋದು ಜಾಗದಲ್ಲಿ. ಎರಡು ಕಡೆಯೂ ಬ್ರೋಕರ್ ಹೇಳಿದ್ದು 1,200 ಚದರಡಿ. ಅದು ಸೂಪರ್ ಬಿಲ್ಟ್-ಅಪ್, ಅಂದ್ರೆ ಮೆಟ್ಟಿಲು, ಪ್ಯಾಸೇಜು, ಗೋಡೆ ಎಲ್ಲ ಸೇರಿಸಿ ಉಬ್ಬಿಸಿದ್ದು. ಟೇಪ್ ಹಿಡಿದು ಅಳೆದರೆ ಗಾಜಿನ ಬಿಲ್ಡಿಂಗ್‌ನಲ್ಲಿ ಸಿಕ್ಕಿದ್ದು 1,000 ಚದರಡಿ, ಅಂದ್ರೆ 93 ಚದರ ಮೀಟರ್. ಹಳೇದರಲ್ಲಿ 95. ಜಾಗವನ್ನ ದೊಡ್ಡದು ಮಾಡಿ ಹೇಳಿದಷ್ಟೂ ಈ ಭಾಗಾಕಾರದಲ್ಲಿ ಬಿಲ್ಡಿಂಗ್ ಒಳ್ಳೇದು ಅನ್ನಿಸುತ್ತೆ. ಹಾಗಾಗಿ ಟೇಪ್ ಮುಖ್ಯ.

ಗಾಜಿನ ಬಿಲ್ಡಿಂಗ್‌ನಲ್ಲಿ ಹಿಂದೆ ಇದ್ದದ್ದು ಇನ್ಶೂರೆನ್ಸ್ ಏಜೆನ್ಸಿ ಆಫೀಸ್. ವರ್ಷಕ್ಕೆ 11,160 ಯೂನಿಟ್. ಭಾಗಿಸಿದ್ರೆ ಚದರ ಮೀಟರ್‌ಗೆ 120. ಹಳೇದರಲ್ಲಿ ಇದ್ದದ್ದು ಅಕೌಂಟ್ಸ್ ಆಫೀಸ್, 6,460 ಯೂನಿಟ್. ಅಂದ್ರೆ 68. ಎರಡೂ ಹೆಚ್ಚುಕಮ್ಮಿ ಒಂದೇ ಥರದ ಕೆಲಸ, ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ, ಹಾಗಾಗಿ ಹೋಲಿಸೋದು ತೀರಾ ಅನ್ಯಾಯ ಅಲ್ಲ. ವ್ಯತ್ಯಾಸ 4,700 ಯೂನಿಟ್. ಕಮರ್ಷಿಯಲ್ ಕನೆಕ್ಷನ್ನು, ಫಿಕ್ಸೆಡ್ ಚಾರ್ಜು, ತೆರಿಗೆ ಎಲ್ಲ ಸೇರಿ ಆ ಬಿಲ್‌ಗಳಲ್ಲಿ ಯೂನಿಟ್‌ಗೆ ಸುಮಾರು 11 ರೂಪಾಯಿ ಬೀಳ್ತಿತ್ತು. ವರ್ಷಕ್ಕೆ ಐವತ್ತೊಂದು ಸಾವಿರ ಚಿಲ್ಲರೆ, ತಿಂಗಳಿಗೆ 4,300. ಬಾಡಿಗೆಯಲ್ಲಿ ಉಳಿಯೋ ಮೂರು ಸಾವಿರ ಕರೆಂಟಲ್ಲಿ ಹೋಗಿ, ಮೇಲೆ ಇನ್ನೂ ಸಾವಿರದ ಮುನ್ನೂರು ಕೈಯಿಂದ ಹಾಕಬೇಕು.

ಅಕ್ಕ ಆ ನೋಟ್‌ಬುಕ್ ಹಾಳೆಯನ್ನ ಎರಡು ಸಲ ನೋಡಿದಳು. "ಇದನ್ನ ಯಾರಾದ್ರೂ ಮೊದಲೇ ಬೋರ್ಡ್ ಮೇಲೆ ಬರೀಬಾರ್ದೇನೇ?"

ಬರೆಯೋ ಪದ್ಧತಿ ಇದೆ

ಚದರ ಮೀಟರ್‌ಗೆ ವರ್ಷಕ್ಕೆ ಇಷ್ಟು ಯೂನಿಟ್ ಅನ್ನೋ ಈ ಸಂಖ್ಯೆಗೆ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಇಪಿಐ ಅಂತಾರೆ. ಎನರ್ಜಿ ಪರ್ಫಾರ್ಮೆನ್ಸ್ ಇಂಡೆಕ್ಸ್. ಫ್ರಿಜ್, ಎಸಿಗೆ ಸ್ಟಾರ್ ಕೊಡೋ ಅದೇ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದ್ರೆ ಬಿಇಇ, 2009ರಲ್ಲೇ ಆಫೀಸ್ ಬಿಲ್ಡಿಂಗ್‌ಗಳಿಗೂ ಒಂದರಿಂದ ಐದು ಸ್ಟಾರ್ ಕೊಡೋ ಯೋಜನೆ ಶುರು ಮಾಡಿತು. ಆಮೇಲೆ ಬಿಪಿಒ, ಆಸ್ಪತ್ರೆ, ಮಾಲ್‌ಗಳಿಗೂ ಬಂತು. ಆದ್ರೆ ಫ್ಯಾನ್ ಥರ ಕಡ್ಡಾಯ ಅಲ್ಲ, ಬೇಕಾದವರು ಅರ್ಜಿ ಹಾಕೋದು. ಬೇಕಾದವರು ಅಂದ್ರೆ ಯಾರು? ಚೆನ್ನಾಗಿ ಮಾರ್ಕ್ಸ್ ಬರುತ್ತೆ ಅಂತ ಮೊದಲೇ ಗೊತ್ತಿರೋರು. ಕ್ಲಾಸಲ್ಲಿ ಪರೀಕ್ಷೆ ಐಚ್ಛಿಕ ಮಾಡಿದ್ರೆ ಏನಾಗುತ್ತೋ ಅದೇ.

ಈ ಸರ್ಟಿಫಿಕೇಟ್‌ಗಳಲ್ಲಿ ಎರಡು ಜಾತಿ ಇವೆ ಅನ್ನೋದು ಗೊತ್ತಿದ್ರೆ ಮುಂದೆ ಗೊಂದಲ ಆಗಲ್ಲ. ಬೈಕ್ ಮೈಲೇಜ್ ನೆನಪು ಮಾಡ್ಕೊಳ್ಳಿ. ಕಂಪನಿ ಹೇಳೋ ಮೈಲೇಜ್ ಒಂದು, ನೀವು ಫುಲ್ ಟ್ಯಾಂಕ್ ಹಾಕ್ಸಿ ನೈಸ್ ರೋಡು, ನಾಯಂಡಹಳ್ಳಿ ಜಂಕ್ಷನ್ನು ಎಲ್ಲ ಓಡಿಸಿ ನೋಡೋ ಮೈಲೇಜ್ ಇನ್ನೊಂದು. ಬ್ರಿಟನ್ನಿನ ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್ ಮೊದಲನೇ ಜಾತಿ: ಗೋಡೆ, ಗಾಜು, ಎಸಿ, ಲೈಟು ಎಲ್ಲ ಸಾಫ್ಟ್‌ವೇರ್‌ಗೆ ಹಾಕಿ, ಇಂಥ ಬಿಲ್ಡಿಂಗ್ ಇಷ್ಟು ತಿನ್ನಬೇಕು ಅಂತ ಲೆಕ್ಕ ಹಾಕಿ ಎ-ಯಿಂದ ಜಿ-ವರೆಗೆ ದರ್ಜೆ ಕೊಡ್ತಾರೆ. ನಮ್ಮ ಬಿಇಇ ಸ್ಟಾರ್ ಎರಡನೇ ಜಾತಿ: ಒಂದು ವರ್ಷ ನಿಜವಾಗಿ ಬಂದ ಬಿಲ್ ನೋಡಿ ಕೊಡೋದು. ಮೊದಲನೇದು ಬಿಲ್ಡಿಂಗ್‌ನ ಗುಣ ಹೇಳುತ್ತೆ, ಎರಡನೇದು ಬಿಲ್ಡಿಂಗು ಮತ್ತು ಒಳಗಿರೋರ ಗುಣ ಎರಡನ್ನೂ ಸೇರಿಸಿ ಹೇಳುತ್ತೆ. ರಾತ್ರಿ ಎಸಿ ಆಫ್ ಮಾಡದೆ ಮನೆಗೆ ಹೋಗೋ ಆಫೀಸಿಗೆ ಒಳ್ಳೇ ಬಿಲ್ಡಿಂಗ್ ಸಿಕ್ಕಿದ್ರೂ ಸ್ಟಾರ್ ಬರಲ್ಲ. ನನಗೆ ವೈಯಕ್ತಿಕವಾಗಿ ಎರಡನೇದೇ ಇಷ್ಟ. ಪ್ರೊಡಕ್ಷನ್‌ನಲ್ಲಿ ಓಡೋದನ್ನ ನೋಡದೆ ಡಿಸೈನ್ ಡಾಕ್ಯುಮೆಂಟ್ ನಂಬು ಅಂದ್ರೆ ಯಾವ ಇಂಜಿನಿಯರ್ ನಂಬ್ತಾರೆ?

ಆದ್ರೆ ಸ್ಟಾರ್‌ನಲ್ಲೂ ಒಂದು ತಮಾಷೆ ಇದೆ. ಯೋಜನೆ ಶುರುವಾದಾಗಿನ ಪಟ್ಟಿಯಲ್ಲಿ ದೆಹಲಿಯಂಥ ಮಿಶ್ರ ಹವಾಮಾನದ ಊರಿಗೆ, ಅರ್ಧಕ್ಕಿಂತ ಹೆಚ್ಚು ಜಾಗಕ್ಕೆ ಎಸಿ ಇರೋ ಆಫೀಸಾದ್ರೆ, ಇಪಿಐ 190ರಿಂದ 165ರ ಒಳಗಿದ್ರೆ ಒಂದು ಸ್ಟಾರ್, 90ಕ್ಕಿಂತ ಕಮ್ಮಿ ಇದ್ರೆ ಐದು. ಎಸಿ ಅರ್ಧಕ್ಕಿಂತ ಕಮ್ಮಿ ಜಾಗಕ್ಕಿದ್ರೆ ಬೇರೆ ಪಟ್ಟಿ: 80ರಿಂದ 70ಕ್ಕೆ ಒಂದು ಸ್ಟಾರ್, 40ಕ್ಕಿಂತ ಕಮ್ಮಿಗೆ ಐದು. ಬೆಂಗಳೂರಿನ ಹವಾಮಾನ ಬೇರೆ, ಈ ಪಟ್ಟಿ ನಮಗಲ್ಲ. ಆದ್ರೂ ಸುಮ್ಮನೆ ಅಕ್ಕನ ಎರಡು ಜಾಗಗಳನ್ನ ಅದಕ್ಕೆ ಹಾಕಿ ನೋಡಿದೆ. ಪೂರ್ತಿ ಎಸಿ ಇರೋ, 120 ತಿನ್ನೋ ಗಾಜಿನ ಬಿಲ್ಡಿಂಗ್‌ಗೆ ಮೂರು ಸ್ಟಾರ್! ಒಂದೇ ಒಂದು ರೂಮಿಗೆ ಎಸಿ ಹಾಕಿದ್ದ, 68 ತಿನ್ನೋ ಹಳೇ ಬಿಲ್ಡಿಂಗ್‌ಗೆ ಎರಡು. ಸ್ಟಾರ್ ತನ್ನ ಗುಂಪಿನೊಳಗೆ ಯಾರು ಜಾಣರು ಅಂತ ಹೇಳುತ್ತೆ. ಎಸಿಯೇ ಬೇಡದ ಹಾಗೆ ಕಟ್ಟಿದವರಿಗೆ ಪ್ರತ್ಯೇಕ ಶಹಬ್ಬಾಸ್‌ಗಿರಿ ಇಲ್ಲ. ಅದಕ್ಕೇ ನನ್ನ ಅಭಿಪ್ರಾಯ ಏನಂದ್ರೆ, ಬಾಡಿಗೆಗೆ ಹೋಗೋರು ಸ್ಟಾರ್ ಜೊತೆ ಸಂಖ್ಯೆಯನ್ನೂ ಕೇಳಬೇಕು. ಬಿಲ್ ಕಟ್ಟೋದು ಯೂನಿಟ್‌ಗೆ.

"ಗ್ರೀನ್ ಬಿಲ್ಡಿಂಗ್" ಅಂತ ಲಾಬಿಯಲ್ಲಿ ಹಾಕಿರೋ ಫಲಕ ಮತ್ತೆ ಬೇರೆ. ಲೀಡ್, ಐಜಿಬಿಸಿ, ಗೃಹ ಇವೆಲ್ಲ ನೀರು, ಸೈಟು, ಸಾಮಗ್ರಿ, ಕಸ, ಕರೆಂಟು ಎಲ್ಲದಕ್ಕೂ ಅಂಕ ಸೇರಿಸಿ ಕೊಡೋ ರೇಟಿಂಗ್‌ಗಳು. ಒಳ್ಳೇವೇ. ಆದ್ರೆ ಕಟ್ಟಿದ ಹೊಸದರಲ್ಲಿ ಸಿಕ್ಕ ಫಲಕ ಇವತ್ತಿನ ಮೀಟರ್ ಬಗ್ಗೆ ಏನೂ ಹೇಳಲ್ಲ. ಮೈಸೂರು ರಸ್ತೆ ಕಡೆ ಇರೋ ನನ್ನ ಆಫೀಸಿನ ಬಿಲ್ಡಿಂಗ್‌ಗೂ ಅಂಥದ್ದೊಂದು ಫಲಕ ಇದೆ. ಏಪ್ರಿಲ್‌ನಲ್ಲಿ ಹೊರಗೆ 35 ಡಿಗ್ರಿ, ಒಳಗೆ ನಾವು ಹುಡಿ ಹಾಕ್ಕೊಂಡು ಕೂತಿರ್ತೀವಿ.

ಪಶ್ಚಿಮದ ಗಾಜು

ಕಟ್ಟಡಗಳ ಇಂಧನ ಸಂಹಿತೆ ಭಾರತವನ್ನ ಐದು ಹವಾಮಾನ ವಲಯ ಮಾಡಿದೆ. ಅದರಲ್ಲಿ ಬೆಂಗಳೂರು ಬರೋದು ಟೆಂಪರೇಟ್, ಅಂದ್ರೆ ಹಿತವಾದ ವಲಯಕ್ಕೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರೋ ಊರು. ಹೊರಗಿನ ಗಾಳಿ ವರ್ಷದ ಬಹುಪಾಲು ದಿನ, ಅದರಲ್ಲೂ ಬೆಳಗ್ಗೆ-ಸಂಜೆ, ಪುಕ್ಕಟೆ ಎಸಿ. ಆ ಪುಕ್ಕಟೆ ಎಸಿ ಒಳಗೆ ಬರದ ಹಾಗೆ ತೆರೆಯಲಾಗದ ಗಾಜು ಜಡಿದು, ಆಮೇಲೆ ದುಡ್ಡಿನ ಎಸಿ ಹಾಕೋದು ನಮ್ಮ ಈಗಿನ ಫ್ಯಾಷನ್.

ಗಾಜಿನಲ್ಲೂ ದಿಕ್ಕು ನೋಡಬೇಕು. ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಮಧ್ಯಾಹ್ನದ ಸೂರ್ಯ ನೆತ್ತಿ ಹತ್ತಿರವೇ ಇರ್ತಾನೆ, ಹಾಗಾಗಿ ಉತ್ತರ-ದಕ್ಷಿಣದ ಕಿಟಕಿಗೆ ಒಂದು ಸಜ್ಜಾ ಸಾಕು, ನೆರಳು ಬಿದ್ದುಬಿಡುತ್ತೆ. ಪೂರ್ವ-ಪಶ್ಚಿಮಕ್ಕೆ ಸಜ್ಜಾ ಕೆಲಸ ಮಾಡಲ್ಲ, ಸೂರ್ಯ ಕೆಳಗಿಳಿದು ನೇರ ಮುಖಕ್ಕೇ ಹೊಡೀತಾನೆ. ಪೂರ್ವದ ಬಿಸಿಲು ಬರೋದು ಬಿಲ್ಡಿಂಗ್ ಇನ್ನೂ ತಣ್ಣಗಿರುವಾಗ. ಪಶ್ಚಿಮದ್ದು ಬರೋದು ದಿನವಿಡೀ ಗೋಡೆ ಕಾದು, ಕಂಪ್ಯೂಟರ್ ಕಾದು, ಜನ ಕಾದು ಆದ ಮೇಲೆ, ಮೂರರಿಂದ ಆರರವರೆಗೆ. ಸಾದಾ ಗಾಜು ಬಿಸಿಲಿನ ಶಾಖದಲ್ಲಿ ಮುಕ್ಕಾಲಿಗಿಂತ ಹೆಚ್ಚು ಒಳಗೆ ಬಿಡುತ್ತೆ. ಒಳಗಡೆ ಕರ್ಟನ್ ಎಳೆದ್ರೆ ಕಣ್ಣಿಗೆ ಹಿತ, ಆದ್ರೆ ಶಾಖ ಆಗಲೇ ಗಾಜು ದಾಟಿ ಒಳಗೆ ಬಂದಾಗಿದೆ. ಅದನ್ನ ಹೊರಗೆ ಹಾಕೋದು ನಿಮ್ಮ ಎಸಿ, ನಿಮ್ಮ ಬಿಲ್ಲಿನಲ್ಲಿ. ತಡೆಯೋದಾದ್ರೆ ಗಾಜಿನ ಹೊರಗೇ ತಡೀಬೇಕು. ಜಾಲರಿ, ಅಡ್ಡಪಟ್ಟಿ, ಬಳ್ಳಿ, ಏನಾದ್ರೂ ಸರಿ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೀಗೆ ಕಟ್ತಾರೆ? ಗಾಜು ಹಾಕಿಸೋರು ಓನರ್, ಬಿಲ್ ಕಟ್ಟೋರು ಬಾಡಿಗೆದಾರರು. ಒಳ್ಳೇ ಗಾಜಿಗೆ, ಹೊರಗಿನ ನೆರಳಿಗೆ ಓನರ್ ಲಕ್ಷಗಟ್ಟಲೆ ಹೆಚ್ಚು ಹಾಕಿದ್ರೆ ಉಳಿತಾಯ ಆಗೋದು ಬಾಡಿಗೆದಾರರಿಗೆ. ಬಾಡಿಗೆದಾರರು ಹಾಕ್ಸೋಣ ಅಂದ್ರೆ ಮೂರು ವರ್ಷದ ಅಗ್ರಿಮೆಂಟ್, ಬೇರೆಯವರ ಗೋಡೆ. ಅರ್ಥಶಾಸ್ತ್ರದವರು ಇದಕ್ಕೆ ದೊಡ್ಡ ಹೆಸರಿಟ್ಟಿದ್ದಾರೆ, ನಮ್ಮಜ್ಜಿ ಕೇಳಿದ್ರೆ ಅತ್ತೆ ಒಡವೆ, ಸೊಸೆ ಸಾಲ ಅಂದುಬಿಡೋರು. ಸರ್ಟಿಫಿಕೇಟ್ ಅನ್ನೋದು ಈ ಗಂಟನ್ನ ಸಡಿಲ ಮಾಡೋ ಸಾಧನ: ಸಂಖ್ಯೆ ಎಲ್ಲರಿಗೂ ಕಾಣಿಸಿದ್ರೆ ಕಮ್ಮಿ ತಿನ್ನೋ ಬಿಲ್ಡಿಂಗ್‌ಗೆ ಎರಡು ಸಾವಿರ ಹೆಚ್ಚು ಬಾಡಿಗೆ ಕೇಳೋ ಧೈರ್ಯ ಓನರ್‌ಗೆ ಬರುತ್ತೆ, ಕೊಡೋ ಕಾರಣ ನಮಗೂ ಸಿಗುತ್ತೆ.

ಅಕ್ಕನ ವಿಷಯದಲ್ಲಿ ಆ ಸಂಖ್ಯೆ ನಾನು ಅಂದುಕೊಂಡ ದಾರಿಯಲ್ಲಿ ಕೆಲಸ ಮಾಡಲಿಲ್ಲ. ಹಳೇ ಬಿಲ್ಡಿಂಗ್ ಹಿಡೀತಾಳೆ ಅಂತ ನಾನಿದ್ದೆ. ಅವಳು ತಲೆ ಅಲ್ಲಾಡಿಸಿದಳು. "ಲಿಫ್ಟ್ ಇಲ್ಲ ಕಣೇ. ಮಂಡಿ ನೋವು ಅಂತ ಬರೋ ಅರವತ್ತೈದರ ಅಜ್ಜಿನ ಇಪ್ಪತ್ತೆರಡು ಮೆಟ್ಟಿಲು ಹತ್ತಿಸ್ಲಾ?" ಇಪಿಐನಲ್ಲಿ ಮಂಡಿ ನೋವಿಗೆ ಕಾಲಂ ಇಲ್ಲ, ಒಪ್ಪಬೇಕು.

ಹಾಗಂತ ಹಾಳೆ ವ್ಯರ್ಥ ಆಗಲಿಲ್ಲ. ಅಕ್ಕ ಅದನ್ನೇ ಹಿಡ್ಕೊಂಡು ಗಾಜಿನ ಬಿಲ್ಡಿಂಗ್ ಓನರ್ ಹತ್ರ ಕೂತಳು. ಅವರು ರಿಟೈರ್ಡ್ ಮನುಷ್ಯರು, ಪಿಎಫ್ ದುಡ್ಡೆಲ್ಲ ಆ ಬಿಲ್ಡಿಂಗ್‌ಗೆ ಸುರಿದವರು. ಮೊದಲು ಸ್ವಲ್ಪ ಸಿಟ್ಟಾದ್ರು. "ನೋಡಮ್ಮ, ಗಾಜು ಹಾಕ್ಸಿ ಅಂದಿದ್ದು ಕಂಟ್ರಾಕ್ಟರ್. ಗೋಡೆಗಿಂತ ಬೇಗ ಆಗುತ್ತೆ, ಬಾಡಿಗೆ ಚೆನ್ನಾಗಿ ಬರುತ್ತೆ ಅಂದ್ರು. ನನಗೇನು ಗೊತ್ತು?" ಆಮೇಲೆ ಸಂಖ್ಯೆ ನೋಡಿ ಸುಮ್ಮನಾದ್ರು. ನಾಲ್ಕು ವರ್ಷದಲ್ಲಿ ಅಲ್ಲಿ ಇಬ್ಬರು ಬಂದು ಹೋಗಿದ್ರು, ಮಧ್ಯೆ ಐದು ತಿಂಗಳು ಖಾಲಿ. ಮಾತುಕತೆಯಲ್ಲಿ ಬಂದ ತೀರ್ಮಾನ: ಪಶ್ಚಿಮದ ಗಾಜಿನ ಹೊರಗೆ ಅಲ್ಯೂಮಿನಿಯಂ ಪಟ್ಟಿಗಳ ಚೌಕಟ್ಟು ಓನರ್ ಖರ್ಚಲ್ಲಿ, ಎರಡು ಗಾಜು ತೆಗೆದು ತೆರೆಯೋ ಕಿಟಕಿ, ಬಾಡಿಗೆ ಮೊದಲ ವರ್ಷ ಸಾವಿರ ಕಮ್ಮಿ. ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಜಾಸ್ತಿ ಬರೆಸಿದ್ವಿ: ಬಿಟ್ಟು ಹೋಗುವಾಗ ಹನ್ನೆರಡು ತಿಂಗಳ ಯೂನಿಟ್ ಲೆಕ್ಕ ಓನರ್‌ಗೆ ಕೊಟ್ಟು ಹೋಗಬೇಕು. ಮುಂದಿನವರಿಗೆ ಆಗುತ್ತೆ.

ಕ್ಲಿನಿಕ್ ಶುರುವಾಗಿ ಮೂರು ಬಿಲ್ ಬಂದಿವೆ. ತಿಂಗಳಿಗೆ 640ರಿಂದ 710 ಯೂನಿಟ್. ಹಿಂದಿನ ಆಫೀಸಿನ ಸರಾಸರಿ 930. ಇದನ್ನ ಗೆಲುವು ಅಂತ ಡಂಗುರ ಹೊಡೆಯೋದು ಸರಿಯಲ್ಲ, ಯಾಕಂದ್ರೆ ಕ್ಲಿನಿಕ್ ಮಧ್ಯಾಹ್ನ ಎರಡು ಗಂಟೆ ಮುಚ್ಚಿರುತ್ತೆ, ಕಂಪ್ಯೂಟರ್‌ಗಳೂ ಕಮ್ಮಿ. ಪಟ್ಟಿಯ ಪಾಲೆಷ್ಟು, ಮಧ್ಯಾಹ್ನದ ಬಿಡುವಿನ ಪಾಲೆಷ್ಟು ಅಂತ ಬೇರೆ ಮಾಡೋಕೆ ಆಗಲ್ಲ.

ಬೇರೆ ಮಾಡಿ ತೋರಿಸಿದವರು

ಆ ಬೇರೆ ಮಾಡೋ ಕೆಲಸವನ್ನ ಚೆಂದವಾಗಿ ಮಾಡಿದ್ದು ನಮ್ಮೂರಿನದೇ ಕಂಪನಿ, ಇನ್ಫೋಸಿಸ್. ಜಾಗ ಮಾತ್ರ ಹೈದರಾಬಾದ್ ಕ್ಯಾಂಪಸ್. 2011ರ ಹೊತ್ತಿಗೆ ಅಲ್ಲಿ ಒಂದು ಆಫೀಸ್ ಬಿಲ್ಡಿಂಗನ್ನ ಎರಡು ಸಮ ಭಾಗ ಮಾಡಿ ಕಟ್ಟಿದ್ರು. ಒಂದರಲ್ಲಿ ತಂಪು ಗಾಳಿ ಊದೋ ಮಾಮೂಲಿ ಎಸಿ, ಅದೂ ಒಳ್ಳೇ ದರ್ಜೆಯದ್ದೇ. ಇನ್ನೊಂದರಲ್ಲಿ ಕಾಂಕ್ರೀಟ್ ಚಪ್ಪಡಿಯೊಳಗೆ ಪೈಪ್ ಹಾಸಿ ತಣ್ಣೀರು ಹರಿಸೋ ರೇಡಿಯಂಟ್ ಕೂಲಿಂಗ್. ಒಂದೇ ದಿಕ್ಕು, ಒಂದೇ ಗಾಜು, ಒಂದೇ ಥರದ ಜನ, ಬೇರೆ ಬೇರೆ ಮೀಟರ್. ನಾವು ಬಟನ್ ಬಣ್ಣಕ್ಕೆ ಮಾಡೋ ಎ/ಬಿ ಟೆಸ್ಟನ್ನ ಅವರು ಕಟ್ಟಡಕ್ಕೇ ಮಾಡಿದ್ರು. ಮೊದಲ ಎರಡು ವರ್ಷದ ಅಳತೆಯಲ್ಲಿ ತಂಪು ಮಾಡೋ ಖರ್ಚು ರೇಡಿಯಂಟ್ ಭಾಗದಲ್ಲಿ ಸುಮಾರು ಮೂರನೇ ಒಂದು ಭಾಗ ಕಮ್ಮಿ ಬಂತು.

ಅಷ್ಟು ತಾಂತ್ರಿಕ ಆಗದ ಉದಾಹರಣೆ ಬೇಕಾದ್ರೆ ನಮ್ಮ ಊರಲ್ಲೇ, ಪೂರ್ವದ ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಟ್ಟಡ ಇದೆ. ಸೈಟಿನ ದಕ್ಷಿಣಕ್ಕೆ ವಾಸನೆ ಬರೋ ರಾಜಕಾಲುವೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ಆ ಕಡೆ ಗೋಡೆ ಮುಚ್ಚಿ, ಅದಕ್ಕೆ ಕಪ್ಪು ಕಡಪ ಕಲ್ಲು ಹಾಕಿಸಿದ್ರು. ಬಿಸಿಲಿಗೆ ಕಲ್ಲು ಕಾದು, ಹಿಂದಿನ ಸಂದಿನಲ್ಲಿರೋ ಗಾಳಿ ಬಿಸಿಯಾಗಿ ಮೇಲೇರುತ್ತೆ. ಆ ಸೆಳೆತಕ್ಕೆ ಉತ್ತರದ ಕಡೆಯಿಂದ ತಂಪು ಗಾಳಿ ಒಳಗೆ ಬರುತ್ತೆ. ಹಳ್ಳಿ ಮನೆಯ ಗವಾಕ್ಷಿ ಲೆಕ್ಕಾಚಾರವೇ, ಸ್ವಲ್ಪ ಓದಿಕೊಂಡು ಬಂದ ಹಾಗೆ.

ಕಾನೂನು ಎಲ್ಲಿ ನಿಲ್ಲುತ್ತೆ

ಹೊರದೇಶಗಳಲ್ಲಿ ಇದನ್ನ ಬೇಕಾದವರಿಗೆ ಬಿಟ್ಟಿಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಸರ್ಟಿಫಿಕೇಟ್ ದರ್ಜೆ ಇ-ಗಿಂತ ಕೆಳಗಿರೋ ವಾಣಿಜ್ಯ ಕಟ್ಟಡವನ್ನ 2018ರ ಏಪ್ರಿಲ್‌ನಿಂದ ಹೊಸದಾಗಿ ಬಾಡಿಗೆಗೆ ಕೊಡೋ ಹಾಗಿಲ್ಲ. 2023ರ ಏಪ್ರಿಲ್‌ನಿಂದ ಹಳೇ ಬಾಡಿಗೆಯನ್ನೂ ಮುಂದುವರಿಸೋ ಹಾಗಿಲ್ಲ. ಕೆಲವು ವಿನಾಯಿತಿಗಳಿವೆ, ಆದ್ರೆ ನಿಯಮ ಅದು. ನ್ಯೂಯಾರ್ಕ್‌ನಲ್ಲಿ 25,000 ಚದರಡಿ ಮೀರಿದ ಬಿಲ್ಡಿಂಗ್‌ಗಳು 2020ರಿಂದ ತಮ್ಮ ಅಕ್ಷರದ ಗ್ರೇಡನ್ನ ಬಾಗಿಲ ಹತ್ರ ಅಂಟಿಸಬೇಕು, ಹೋಟೆಲ್‌ಗೆ ಶುಚಿತ್ವದ ಗ್ರೇಡ್ ಅಂಟಿಸಿದ ಹಾಗೆ. ನನಗೆ ಹಿಡಿಸಿದ್ದು ಆಸ್ಟ್ರೇಲಿಯಾ. ಅಲ್ಲಿ ಒಂದು ಸಾವಿರ ಚದರ ಮೀಟರ್ ಮೇಲಿನ ಆಫೀಸ್ ಜಾಗ ಬಾಡಿಗೆಗೆ ಇದೆ ಅಂತ ಜಾಹೀರಾತು ಕೊಡುವಾಗಲೇ ನೇಬರ್ಸ್ ಅನ್ನೋ ಸ್ಟಾರ್ ರೇಟಿಂಗ್ ಹಾಕಬೇಕು. ಅದೂ ನಮ್ಮ ಬಿಇಇ ಥರ ನಿಜವಾದ ಬಿಲ್ ನೋಡಿ ಕೊಡೋದು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಇಂಧನ ಸಂರಕ್ಷಣಾ ಕಾಯ್ದೆ 2001ರದ್ದು. ವಾಣಿಜ್ಯ ಕಟ್ಟಡಗಳ ಸಂಹಿತೆ 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆ ಆಯ್ತು. ನೇರ ನಿಯಮ ಪಾಲಿಸೋ ದಾರಿ ಹಿಡಿದ್ರೆ ಗೋಡೆಯಲ್ಲಿ ಗಾಜು ಶೇ 40 ಮೀರಬಾರದು ಅಂತಲೂ ಅದರಲ್ಲಿದೆ. ಕರ್ನಾಟಕದಲ್ಲಿ ಈ ಕಾಯ್ದೆಯ ಉಸ್ತುವಾರಿ ಕ್ರೆಡಲ್ ಸಂಸ್ಥೆಯದ್ದು. ಹಾಗಾದ್ರೆ ಬಸವೇಶ್ವರನಗರದ ಪೂರ್ತಿ ಗಾಜಿನ ಮುಂಭಾಗ ಹೇಗೆ ಬಂತು? ಸಂಹಿತೆ ಅನ್ವಯ ಆಗೋದು 100 ಕಿಲೋವ್ಯಾಟ್ ಕನೆಕ್ಟೆಡ್ ಲೋಡ್ ಅಥವಾ 120 ಕೆವಿಎ ಬೇಡಿಕೆ ಇರೋ ಕಟ್ಟಡಕ್ಕೆ. ಮಾಲ್, ಟೆಕ್ ಪಾರ್ಕ್, ದೊಡ್ಡ ಆಸ್ಪತ್ರೆ ಇದರೊಳಗೆ ಬರುತ್ತೆ. 40-60 ಸೈಟಿನ ಮೂರು ಮಹಡಿ ಸಾಮಾನ್ಯವಾಗಿ ಬರಲ್ಲ. ನಮ್ಮ ಏರಿಯಾದ ಕ್ಲಿನಿಕ್, ಟ್ಯೂಷನ್, ಬೊಟಿಕ್, ಸಣ್ಣ ಸ್ಟಾರ್ಟಪ್ ಎಲ್ಲ ಇರೋದು ಆ ಗೆರೆಯ ಕೆಳಗೆ. ದೊಡ್ಡ ಕಂಪನಿಗೆ ಫೆಸಿಲಿಟಿ ಟೀಮ್ ಇದೆ, ಎನರ್ಜಿ ಆಡಿಟರ್ ಇದ್ದಾರೆ, ಗೊತ್ತು ಮಾಡ್ಕೋತಾರೆ. ಸಾಲ ಮಾಡಿ ಕ್ಲಿನಿಕ್ ಹಾಕೋರಿಗೆ ಯಾರಿದ್ದಾರೆ?

2022ರ ತಿದ್ದುಪಡಿಯಲ್ಲಿ ಒಂದು ಬಾಗಿಲು ತೆರೆದಿದೆ: ರಾಜ್ಯ ಸರ್ಕಾರ ಬಯಸಿದ್ರೆ ಆ 100 ಕಿಲೋವ್ಯಾಟ್ ಗೆರೆಯನ್ನ ಕೆಳಗಿಳಿಸಬಹುದು. ಸಣ್ಣ ಓನರ್‌ಗಳ ಮೇಲೆ ಪೂರ್ತಿ ಸಂಹಿತೆ ಹೇರಿದ್ರೆ ಅದು ಇನ್ನೊಂದು ಲೈಸೆನ್ಸ್, ಇನ್ನೊಂದು ಕೌಂಟರ್, ಇನ್ನೊಂದು ಕವರ್ ಆಗುತ್ತೆ ಅನ್ನೋ ಭಯ ನನಗೂ ಇದೆ. ಗಾಜು ಹಾಕ್ಸಿದ ಆ ರಿಟೈರ್ಡ್ ಓನರ್ ಮುಖ ನೆನಪಿಗೆ ಬರುತ್ತೆ. ಆದ್ರೆ ಸಣ್ಣ ಕಟ್ಟಡಕ್ಕೆ ಬೇಕಿರೋದು ಸಂಹಿತೆಯಲ್ಲ, ಸಂಖ್ಯೆ. ಅದಕ್ಕೆ ಇನ್‌ಸ್ಪೆಕ್ಟರ್ ಬರಬೇಕಾಗಿಲ್ಲ.

ಇಲ್ಲಿ ನನ್ನೊಳಗಿನ ಡೇಟಾಬೇಸ್ ಇಂಜಿನಿಯರ್ ಸ್ವಲ್ಪ ಮಾತಾಡ್ಲಿ. ಪ್ರತಿ ಕಮರ್ಷಿಯಲ್ ಮೀಟರ್‌ನ ತಿಂಗಳ ಯೂನಿಟ್ ಬೆಸ್ಕಾಂ ಹತ್ರ ಇದೆ. ಪ್ರತಿ ಕಟ್ಟಡದ ವಿಸ್ತೀರ್ಣ, ಎಷ್ಟು ಭಾಗ ವಾಣಿಜ್ಯ, ಎಷ್ಟು ವಾಸ ಅನ್ನೋದು ಆಸ್ತಿ ತೆರಿಗೆ ದಾಖಲೆಯಲ್ಲಿದೆ. ಎರಡು ಟೇಬಲ್. ಜೋಡಿಸೋಕೆ ಒಂದು ಕೀ ಬೇಕು. 2024ರಲ್ಲಿ ಬಿಬಿಎಂಪಿ ಇ-ಖಾತಾ ಶುರು ಮಾಡಿದಾಗ ಅರ್ಜಿಯಲ್ಲಿ ಬೆಸ್ಕಾಂ ಅಕೌಂಟ್ ನಂಬರ್ ಕೇಳಿದ್ದು ನೆನಪಿದ್ಯಾ? ಅದೇ ಕೀ. ವಸತಿ ಅಂತ ತೆರಿಗೆ ಕಟ್ಟಿ ವಾಣಿಜ್ಯಕ್ಕೆ ಬಳಸೋರನ್ನ ಹಿಡಿಯೋಕೆ ಪಾಲಿಕೆ ಬೆಸ್ಕಾಂ ಮಾಹಿತಿಯ ಮೊರೆ ಹೋಗಿದ್ದೂ ಉಂಟು. ತೆರಿಗೆ ಹಿಡಿಯೋಕೆ ಆಗೋ ಜೋಡಣೆ, ಬಾಡಿಗೆದಾರರಿಗೆ ಒಂದು ಸಂಖ್ಯೆ ತೋರಿಸೋಕೆ ಆಗಲ್ವಾ? ಈಗ ಪಾಲಿಕೆ ಐದಾಗಿದೆ, ನಮ್ಮದು ಪಶ್ಚಿಮ ನಗರ ಪಾಲಿಕೆ. ಒಂದೇ ಪಾಲಿಕೆ ಪ್ರಯೋಗ ಮಾಡಿ ನೋಡೋಕೂ ಈಗ ಅನುಕೂಲ.

ತೊಡಕುಗಳಿವೆ. ಸಬ್-ಮೀಟರ್ ಹಾಕಿ ಓನರೇ ಯೂನಿಟ್‌ಗೆ ತಮ್ಮ ರೇಟ್ ವಸೂಲಿ ಮಾಡೋ ಕಾಂಪ್ಲೆಕ್ಸ್‌ಗಳಲ್ಲಿ ಒಂದೇ ಮೀಟರ್ ಹಿಂದೆ ಹತ್ತು ಅಂಗಡಿ ಇರುತ್ತೆ. ಬೇಕರಿಯ ಓವನ್ನು, ಐಸ್‌ಕ್ರೀಂ ಪಾರ್ಲರಿನ ಫ್ರೀಜರ್ರು ಬಿಲ್ಡಿಂಗ್ ತಪ್ಪಲ್ಲ, ಆದ್ರೂ ಅದರ ತಲೆಗೆ ಬರುತ್ತೆ. ಡೀಸೆಲ್ ಜನರೇಟರ್ ಯೂನಿಟ್ ಯಾವ ಮೀಟರಿನಲ್ಲೂ ಕಾಣಲ್ಲ. ಒಬ್ಬರ ವ್ಯಾಪಾರದ ಏರಿಳಿತ ಬಿಲ್ಲಿನಲ್ಲಿ ಕಾಣುತ್ತೆ, ಹಾಗಾಗಿ ತಿಂಗಳ ಲೆಕ್ಕ ಬಿಟ್ಟು ವರ್ಷದ್ದು ಮಾತ್ರ, ಅದೂ ಓನರ್ ಒಪ್ಪಿಗೆ ಮೇಲೆ ತೋರಿಸಬೇಕು.

ಅಲ್ಲಿಯವರೆಗೆ ಅಂಗಡಿ, ಆಫೀಸು ಹುಡುಕ್ತಾ ಇರೋರು ಹೀಗೆ ಮಾಡಿ. ಅಡ್ವಾನ್ಸ್ ಕೊಡೋ ಮುಂಚೆ ಹನ್ನೆರಡು ತಿಂಗಳ ಬಿಲ್ ಕೇಳಿ. ಹಿಂದಿನವರು ಏನು ಕೆಲಸ ಮಾಡ್ತಿದ್ರು, ಎಷ್ಟೊತ್ತು ತೆರೆದಿರ್ತಿತ್ತು ಕೇಳಿ. ಬಿಲ್ಲಿನಲ್ಲಿ ಸ್ಯಾಂಕ್ಷನ್ಡ್ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ. ನಿಮಗೆ ಐದು ಸಾಕಾಗಿ ಅಲ್ಲಿ ಹದಿನೈದಿದ್ರೆ, ಸ್ವಿಚ್ ಹಾಕದೇ ಇದ್ರೂ ಫಿಕ್ಸೆಡ್ ಚಾರ್ಜ್ ಬರ್ತಾನೇ ಇರುತ್ತೆ. ಜಾಗ ನೋಡೋಕೆ ಬೆಳಗ್ಗೆ ಹನ್ನೊಂದಕ್ಕೆ ಕರ್ಕೊಂಡು ಹೋಗ್ತೀನಿ ಅಂತಾರೆ ಬ್ರೋಕರ್. ಸಂಜೆ ನಾಲ್ಕಕ್ಕೆ ಬರ್ತೀನಿ ಅನ್ನಿ.